‘ಸಿನ್ಸ್ ಟೂ ಡೇಸ್’ ಯಾಕೆ ತಪ್ಪು? ಸಮಯ ಹೇಳುವ ಇಂಗ್ಲಿಷ್‌ಗೆ ಕನ್ನಡದ ದಾರಿ

ಶಾಲೆಯಲ್ಲಿ ರಜೆ ಚೀಟಿ ಬರೆದವರಿಗೆಲ್ಲ ಈ ವಾಕ್ಯ ಗೊತ್ತಿರುತ್ತದೆ. ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್.’ ಎರಡು ದಿನದಿಂದ ಜ್ವರ. ಎಷ್ಟೋ ಮಂದಿ ಶಾಲೆ ಬಿಟ್ಟು, ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿದ ಮೇಲೂ ಇದನ್ನೇ ಬರೆಯುತ್ತಾರೆ. ಇದರಲ್ಲಿ ಎರಡು ತಪ್ಪಿವೆ. ಎರಡೂ ದಡ್ಡತನದಿಂದ ಆದವಲ್ಲ. ಕನ್ನಡದಲ್ಲಿ ಸರಿಯಾಗಿ ಯೋಚಿಸಿದ್ದರಿಂದಲೇ ಆದ ತಪ್ಪುಗಳು.

ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಕೆಲಸ ಹುಡುಕುತ್ತಿರುವವರು, ಅಂಗಡಿಯಲ್ಲಿ ಕೂರುವವರು, ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಓಡಿ ಬರುವವರು, ಎಲ್ಲರೂ ಇರುತ್ತಾರೆ. ಅವರಲ್ಲಿ ಹೆಚ್ಚಿನವರ ನೋಟ್‌ಬುಕ್ಕಿನಲ್ಲಿ ತಲೆಕೆಳಗಾದ ಒಂದು ತ್ರಿಕೋನ ಇರುತ್ತದೆ. ಮೇಲೆ ಅಗಲವಾದ ಕಡೆ ‘ಇನ್’, ನಡುವೆ ‘ಆನ್’, ಕೆಳಗೆ ಚೂಪಾದ ತುದಿಯಲ್ಲಿ ‘ಆ್ಯಟ್’. ದೊಡ್ಡ ಕಾಲಕ್ಕೆ ಇನ್, ದಿನಕ್ಕೆ ಆನ್, ಗಡಿಯಾರದ ಹೊತ್ತಿಗೆ ಆ್ಯಟ್. ಚಿತ್ರ ಸರಿಯಾಗಿಯೇ ಇದೆ. ಆದರೆ ಬಾಯಿ ತೆರೆದು ಮಾತಾಡುವಾಗ ತ್ರಿಕೋನ ನೆನಪಿಗೆ ಬರುವುದಿಲ್ಲ. ಬರುವುದು ಕನ್ನಡ. ಅದನ್ನು ತಡೆಯುವ ಬದಲು ಅದರ ಕೈ ಹಿಡಿದುಕೊಂಡೇ ಹೋಗೋಣ ಅಂತ ನಾನು ಕಲಿಸುವ ರೀತಿಯನ್ನು ಬದಲಾಯಿಸಿಕೊಂಡೆ. ಯಾಕೆಂದರೆ ಈ ಮೂರು ಪದಗಳು ಮಾಡುವ ಕೆಲಸವನ್ನು ಮಾಡುವ ಮೂರು ತುಣುಕುಗಳು ನಮ್ಮಲ್ಲಿ ಆಗಲೇ ಇವೆ.

ಈ ಒಂದು ವಾಕ್ಯ ನೋಡಿ. ಭಾರತ ಸ್ವತಂತ್ರವಾದದ್ದು 1947ರಲ್ಲಿ, ಆಗಸ್ಟ್ 15ರಂದು, ನಡುರಾತ್ರಿ 12 ಗಂಟೆಗೆ.

ಅಲ್ಲಿ, ಅಂದು, ಗೆ. ಇಂಗ್ಲಿಷ್‌ನಲ್ಲಿ ಇದೇ ಮಾತು ‘ಇನ್ 1947’, ‘ಆನ್ ಆಗಸ್ಟ್ 15’, ‘ಆ್ಯಟ್ ಮಿಡ್‌ನೈಟ್’ ಆಗುತ್ತದೆ. ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ? ವರ್ಷ, ತಿಂಗಳು, ಋತು, ಶತಮಾನಕ್ಕೆ ನಾವು ‘ಅಲ್ಲಿ’ ಹಚ್ಚುತ್ತೇವೆ. ಜೂನ್‌ನಲ್ಲಿ, ಬೇಸಿಗೆಯಲ್ಲಿ, ಹನ್ನೆರಡನೇ ಶತಮಾನದಲ್ಲಿ. ಅಲ್ಲೆಲ್ಲ ಇಂಗ್ಲಿಷ್‌ನವರು ‘ಇನ್’ ಹಾಕುತ್ತಾರೆ. ಗಡಿಯಾರದ ಹೊತ್ತಿಗೆ ನಾವು ‘ಗೆ’ ಅನ್ನುತ್ತೇವೆ. ಐದು ಗಂಟೆಗೆ, ಆರೂವರೆಗೆ. ಅಲ್ಲಿ ‘ಆ್ಯಟ್’.

ಅಂದು ಅನ್ನುವುದಂತೂ ನನಗೆ ತುಂಬ ಇಷ್ಟ. ಶಾಲೆಯಲ್ಲಿ ಉ, ಅನ್ನು, ಇಂದ, ಗೆ ಅಂತ ಬಾಯಿಪಾಠ ಮಾಡಿದ ವಿಭಕ್ತಿಗಳ ಸಾಲಿನಲ್ಲಿ ಇದು ಇಲ್ಲ. ಅಂದು ಅಂದರೆ ಆ ದಿನ, ಅಷ್ಟೇ. ಸೋಮವಾರದಂದು, ಹಬ್ಬದಂದು, ಒಂದನೇ ತಾರೀಖಿನಂದು. ದಿನ ಬಿಟ್ಟು ಬೇರೆ ಯಾವುದಕ್ಕೂ ಅದು ಅಂಟುವುದಿಲ್ಲ. ಜೂನಿನಂದು ಅಂತ ಯಾರೂ ಹೇಳುವುದಿಲ್ಲ. ಸಮಯ ಹೇಳುವಾಗ ಇಂಗ್ಲಿಷ್‌ನ ‘ಆನ್’ ಕೂಡ ಹಾಗೆಯೇ, ದಿನವನ್ನು ಹುಡುಕಿಕೊಂಡು ಹೋಗುವ ಪದ. ‘ದಂದು’ ಹಚ್ಚಿ ನೋಡಿ. ಕಿವಿಗೆ ಸರಿ ಅನಿಸಿದರೆ ಬಹುಮಟ್ಟಿಗೆ ಅಲ್ಲಿ ‘ಆನ್’ ಕೂರುತ್ತದೆ.

ತಾರೀಖು, ತಿಂಗಳು, ವರ್ಷ ಮೂರೂ ಒಟ್ಟಿಗೆ ಬಂದಾಗ ಕೆಲವರಿಗೆ ಗೊಂದಲ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು. ವರ್ಷ ಇದೆಯಲ್ಲ, ‘ಇನ್’ ಹಾಕಬೇಕಾ? ಕನ್ನಡವನ್ನೇ ಕೇಳಿ. ನಾವು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತೇವೆ, ಕೊನೆಗೆ ದಿನ ಬಂದ ಮೇಲೆ ಅದಕ್ಕೆ ‘ಅಂದು’ ಅಂಟಿಸುತ್ತೇವೆ. ಇಂಗ್ಲಿಷ್‌ನವರು ಚಿಕ್ಕದರಿಂದ ದೊಡ್ಡದಕ್ಕೆ ಹತ್ತುತ್ತಾರೆ. ಅದಕ್ಕೇ ಅವರ ಪದ ಮುಂದೆ ಬರುತ್ತದೆ: ‘ಆನ್ 29 ಡಿಸೆಂಬರ್ 1904’. ಕನ್ನಡಿಯಲ್ಲಿ ನೋಡಿದ ಹಾಗೆ ಎಡ-ಬಲ ಅದಲುಬದಲಾಗಿದೆ. ಎರಡು ಭಾಷೆಯಲ್ಲೂ ಗುರುತು ಅಂಟುವುದು ಚಿಕ್ಕ ಅಳತೆಗೇ. ದಿನ ಬಿಟ್ಟು ಬರೀ ವರ್ಷ ಹೇಳಿದರೆ 1904ರಲ್ಲಿ, ‘ಇನ್ 1904’. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು ‘ಇನ್ 1973’. ದಿನ ಸಮೇತ ಹೇಳಬೇಕಾದರೆ ‘ಆನ್ 1 ನವೆಂಬರ್ 1973’.

ಕನ್ನಡ ಕೈ ಕೊಡುವ ಜಾಗಗಳು

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯನ್ನೂ ಹೇಳಲೇಬೇಕು. ಮಾತಿನ ಕನ್ನಡದಲ್ಲಿ ‘ಗೆ’ ಎಲ್ಲ ಕಡೆ ನುಗ್ಗುತ್ತದೆ. ‘ಡಿಸೆಂಬರ್‌ಗೆ ಮದುವೆ’, ‘ಸೋಮವಾರಕ್ಕೆ ಕೊಡ್ತೀನಿ’, ‘ಹಬ್ಬಕ್ಕೆ ಬರ್ತೀನಿ’ ಅನ್ನುತ್ತೇವೆ. ‘ಗೆ’ ಇದೆ ಅಂತ ‘ಆ್ಯಟ್ ಡಿಸೆಂಬರ್’ ಅಂದರೆ ತಪ್ಪು. ಇಂಥ ಕಡೆ ಮಾತನ್ನು ಮೊದಲು ಬರಹದ ಕನ್ನಡಕ್ಕೆ ತಿರುಗಿಸಿಕೊಳ್ಳಿ. ಡಿಸೆಂಬರಿನಲ್ಲಿ ಮದುವೆ, ಹಾಗಾಗಿ ‘ಇನ್ ಡಿಸೆಂಬರ್’. ‘ಹಬ್ಬಕ್ಕೆ ಬರ್ತೀನಿ’ ಅಂದಾಗ ಹಬ್ಬದ ಸಲುವಾಗಿ ಅನ್ನುವ ಅರ್ಥ ಇದೆ. ಅಲ್ಲಿ ‘ಫಾರ್’ ಚೆನ್ನಾಗಿ ಒಪ್ಪುತ್ತದೆ. ‘ಐ ಆ್ಯಮ್ ಗೋಯಿಂಗ್ ಹೋಮ್ ಫಾರ್ ದೀಪಾವಳಿ’ ಅಚ್ಚುಕಟ್ಟಾದ ಇಂಗ್ಲಿಷ್.

ಹಬ್ಬದ ವಿಷಯದಲ್ಲಿ ಇನ್ನೊಂದು ಮಾತು. ಇಂಗ್ಲಿಷ್‌ನವರು ಹಬ್ಬದ ಕಾಲವನ್ನೂ ಹಬ್ಬದ ದಿನವನ್ನೂ ಬೇರೆ ಮಾಡುತ್ತಾರೆ. ‘ಆ್ಯಟ್ ಕ್ರಿಸ್‌ಮಸ್’ ಅಂದರೆ ಆ ಹಬ್ಬದ ಆಸುಪಾಸಿನ ದಿನಗಳು. ‘ಆನ್ ಕ್ರಿಸ್‌ಮಸ್ ಡೇ’ ಅಂದರೆ ಡಿಸೆಂಬರ್ 25, ಆ ಒಂದೇ ದಿನ. ನಮ್ಮ ದಸರಾಕ್ಕೂ ಇದನ್ನೇ ಹೊಂದಿಸಿಕೊಳ್ಳಬಹುದು. ಮೈಸೂರು ಅಷ್ಟೂ ದಿನ ದೀಪಗಳಲ್ಲಿ ಹೊಳೆಯುವುದು ‘ಡ್ಯೂರಿಂಗ್ ದಸರಾ’. ಜಂಬೂಸವಾರಿ ಹೊರಡುವುದು ವಿಜಯದಶಮಿಯಂದು, ಅಂದರೆ ‘ಆನ್ ವಿಜಯದಶಮಿ’.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ. ಇಲ್ಲಿ ಕನ್ನಡ ಏನನ್ನೂ ಹಚ್ಚುವುದಿಲ್ಲ, ಹಾಗಾಗಿ ಸಹಾಯವನ್ನೂ ಮಾಡುವುದಿಲ್ಲ. ‘ಇನ್ ದ ಮಾರ್ನಿಂಗ್’, ‘ಇನ್ ದಿ ಆಫ್ಟರ್‌ನೂನ್’, ‘ಇನ್ ದಿ ಈವ್ನಿಂಗ್’. ಆದರೆ ‘ಆ್ಯಟ್ ನೈಟ್’. ರಾತ್ರಿಗೆ ‘ದ’ ಕೂಡ ಬೇಡ. ಯಾಕೆ ಅಂತ ಕೇಳಿದರೆ ನಾನು ಸುಮ್ನೆ ಏನೋ ಕಾರಣ ಕಟ್ಟಿ ಹೇಳುವುದಿಲ್ಲ, ಹಾಗೆಯೇ ಕಲಿಯಿರಿ ಅನ್ನುತ್ತೇನೆ. ಒಂದು ರಾತ್ರಿ ನಡುವೆ ಎಚ್ಚರವಾಯಿತು ಅನ್ನುವಾಗ ‘ಇನ್ ದ ನೈಟ್’ ಕೂಡ ಬರುತ್ತದೆ. ಆದರೆ ರಾತ್ರಿ ಹೊತ್ತು ಅನ್ನುವ ಸಾಮಾನ್ಯ ಅರ್ಥಕ್ಕೆ ‘ಆ್ಯಟ್ ನೈಟ್’. ಇನ್ನು ಈ ಹೊತ್ತುಗಳಿಗೆ ದಿನ ಸೇರಿಕೊಂಡರೆ ದಿನದ ಮಾತೇ ನಡೆಯುತ್ತದೆ. ಸೋಮವಾರ ಬೆಳಿಗ್ಗೆ ‘ಆನ್ ಮಂಡೇ ಮಾರ್ನಿಂಗ್’, ಶುಕ್ರವಾರ ರಾತ್ರಿ ‘ಆನ್ ಫ್ರೈಡೇ ನೈಟ್’.

ಇವತ್ತು ಬೆಳಿಗ್ಗೆ ಅನ್ನುವುದನ್ನು ನಾವು ‘ಟುಡೇ ಮಾರ್ನಿಂಗ್’ ಅನ್ನುತ್ತೇವೆ. ನಮ್ಮ ನಮ್ಮೊಳಗೆ ಎಲ್ಲರಿಗೂ ಅರ್ಥವಾಗುತ್ತದೆ. ಹೊರಗಿನವರ ಇಂಗ್ಲಿಷ್‌ನಲ್ಲಿ ಅದು ‘ದಿಸ್ ಮಾರ್ನಿಂಗ್’. ನಿನ್ನೆ ರಾತ್ರಿ ‘ಲಾಸ್ಟ್ ನೈಟ್’. ನಾಳೆ ಬೆಳಿಗ್ಗೆ ಮಾತ್ರ ನಮ್ಮ ಹಾಗೆಯೇ ‘ಟುಮಾರೋ ಮಾರ್ನಿಂಗ್’. ಇವುಗಳ ಮುಂದೆ ಆನ್, ಇನ್, ಆ್ಯಟ್ ಯಾವುದೂ ಬರುವುದಿಲ್ಲ. ನಾವು ಕೂಡ ‘ನಾಳೆಯಂದು’ ಅನ್ನುವುದಿಲ್ಲವಲ್ಲ. ‘ಲಾಸ್ಟ್’, ‘ನೆಕ್ಸ್ಟ್’, ‘ದಿಸ್’, ‘ಎವ್ರಿ’ ಮುಂದೆ ಬಂದಾಗಲೂ ಅಷ್ಟೇ. ಮುಂದಿನ ಸೋಮವಾರ ಅಂದರೆ ಬರೀ ‘ನೆಕ್ಸ್ಟ್ ಮಂಡೇ’, ಪ್ರತಿ ಭಾನುವಾರ ಅಂದರೆ ಬರೀ ‘ಎವ್ರಿ ಸಂಡೇ’. ಅಲ್ಲಿ ‘ಆನ್’ ಸೇರಿಸುವುದು ನಮ್ಮಲ್ಲಿ ತುಂಬ ಜಾಸ್ತಿ.

ಶನಿವಾರ-ಭಾನುವಾರ ಸೇರಿದ ವೀಕೆಂಡ್‌ಗೆ ಬ್ರಿಟನ್‌ನವರು ‘ಆ್ಯಟ್ ದ ವೀಕೆಂಡ್’ ಅನ್ನುತ್ತಾರೆ, ಅಮೆರಿಕದವರು ‘ಆನ್ ದ ವೀಕೆಂಡ್’ ಅನ್ನುತ್ತಾರೆ. ಯಾವುದಾದರೂ ಸರಿ. ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಒಂದೇ ‘ಇಂದ’, ಎರಡು ಅರ್ಥ

ಈಗ ಜ್ವರದ ಚೀಟಿಗೆ ಬರೋಣ. ಇಡೀ ವಿಷಯದಲ್ಲಿ ನಾನು ಹೆಚ್ಚು ದಿನ ಖರ್ಚು ಮಾಡುವುದು ಇದರ ಮೇಲೆ.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬ ಹುಡುಗಿ ಇಂಟರ್‌ವ್ಯೂಗೆ ತಯಾರಾಗುತ್ತಿದ್ದಳು. ಎಷ್ಟು ಕಾಲದಿಂದ ಕೆಲಸ ಮಾಡುತ್ತಿದ್ದೀಯ ಅಂತ ನಾನು ಇಂಗ್ಲಿಷ್‌ನಲ್ಲಿ ಕೇಳಿದೆ. ತಡವರಿಸದೆ ಹೇಳಿದಳು, ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ತ್ರೀ ಇಯರ್ಸ್.’ ಅದೇ ಮಾತನ್ನು ಕನ್ನಡದಲ್ಲಿ ಹೇಳಮ್ಮ ಅಂದೆ. ‘ಮೂರು ವರ್ಷದಿಂದ ಕೆಲಸ ಮಾಡ್ತಿದ್ದೀನಿ ಸರ್.’ ಬೋರ್ಡ್ ಮೇಲೆ ಒಂದು ಗೆರೆ ಎಳೆದೆ. ಗೆರೆಯ ಎಡ ತುದಿಯಲ್ಲಿ ಒಂದು ಚುಕ್ಕಿ ಇಟ್ಟು 2021 ಅಂತ ಬರೆದೆ. ಇನ್ನೊಂದು ತುದಿಯಲ್ಲಿ ಈಗ ಅಂತ ಬರೆದೆ. ಗೆರೆಯ ಉದ್ದಕ್ಕೆ ಬೆರಳಾಡಿಸಿ, ಇದು ಏನು ಅಂತ ಕೇಳಿದೆ. ‘ಮೂರು ವರ್ಷ’ ಅಂದಳು. ಚುಕ್ಕಿ ತೋರಿಸಿ, ಇದು ಏನು ಅಂದೆ. ‘ಸೇರಿದ ವರ್ಷ.’ ಎರಡನ್ನೂ ಕನ್ನಡದಲ್ಲಿ ಹೇಗೆ ಹೇಳ್ತೀಯ? ‘ಮೂರು ವರ್ಷದಿಂದ. 2021ರಿಂದ.’ ಹೇಳುತ್ತಾ ಹೇಳುತ್ತಾ ಅವಳೇ ನಿಂತಳು. ಎರಡಕ್ಕೂ ‘ಇಂದ’ ಬಂದಿತ್ತು.

ತಪ್ಪಿನ ಬೇರು ಇರುವುದು ಅಲ್ಲೇ. ಕನ್ನಡದ ‘ಇಂದ’ ಗೆರೆಯ ಉದ್ದಕ್ಕೂ ಆಗುತ್ತದೆ, ಗೆರೆ ಶುರುವಾದ ಚುಕ್ಕಿಗೂ ಆಗುತ್ತದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಪದ. ಉದ್ದಕ್ಕೆ ‘ಫಾರ್’, ಚುಕ್ಕಿಗೆ ‘ಸಿನ್ಸ್’. ‘ಫಾರ್ ತ್ರೀ ಇಯರ್ಸ್’, ‘ಸಿನ್ಸ್ 2021’. ಎರಡು ದಿನ ಅನ್ನುವುದು ಉದ್ದ, ‘ಫಾರ್ ಟೂ ಡೇಸ್’. ಮೊನ್ನೆಯಿಂದ ಅಥವಾ ಮಂಗಳವಾರದಿಂದ ಅನ್ನುವುದು ಚುಕ್ಕಿ, ‘ಸಿನ್ಸ್ ಟ್ಯೂಸ್‌ಡೇ’.

ಅನುಮಾನ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಹೇಳುತ್ತಿರುವುದು ‘ಎಷ್ಟು’ ಅನ್ನುವುದಕ್ಕೆ ಉತ್ತರವೋ, ‘ಯಾವಾಗ’ ಅನ್ನುವುದಕ್ಕೆ ಉತ್ತರವೋ? ಎಷ್ಟು ಅನ್ನುವುದಕ್ಕಾದರೆ ಫಾರ್. ಯಾವಾಗ ಅನ್ನುವುದಕ್ಕಾದರೆ ಸಿನ್ಸ್. ‘ಚಿಕ್ಕಂದಿನಿಂದ’ ಯಾವಾಗ ಅನ್ನುವುದಕ್ಕೆ ಉತ್ತರ, ‘ಸಿನ್ಸ್ ಚೈಲ್ಡ್‌ಹುಡ್’. ‘ತುಂಬ ದಿನದಿಂದ’ ಎಷ್ಟು ಅನ್ನುವುದಕ್ಕೆ ಉತ್ತರ, ‘ಫಾರ್ ಎ ಲಾಂಗ್ ಟೈಮ್’. ‘ಸಿನ್ಸ್ ಲಾಂಗ್ ಟೈಮ್’ ಅಲ್ಲ.

ಎರಡನೇ ತಪ್ಪು ಕ್ರಿಯಾಪದದ್ದು. ಕನ್ನಡದಲ್ಲಿ ‘ಮಾಡ್ತಿದ್ದೀನಿ’ ಅಂದರೆ ಸಾಕು, ಈಗಲೂ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಇಂಗ್ಲಿಷ್‌ನವರಿಗೆ ಅದು ಸಾಲದು. ಹಿಂದೆ ಶುರುವಾಗಿ ಈಗಿನ ತನಕ ಬಂದಿದೆ ಅನ್ನುವುದನ್ನು ಕ್ರಿಯಾಪದದಲ್ಲೇ ತೋರಿಸಬೇಕು. ಹಾಗಾಗಿ ‘ಐ ಆ್ಯಮ್ ವರ್ಕಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’. ಇದು ಬರೀ ವ್ಯಾಕರಣದ ಹಟವಲ್ಲ. ‘ಐ ಆ್ಯಮ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಅಂದರೆ ಕೇಳುವವರು ಒಟ್ಟು ಮೂರು ವರ್ಷದ ಮಟ್ಟಿಗೆ ಇಲ್ಲಿ ಕೆಲಸಕ್ಕೆ ಬಂದಿದ್ದಾರೆ, ಆಮೇಲೆ ಹೋಗುತ್ತಾರೆ ಅಂದುಕೊಳ್ಳಬಹುದು. ಇಂಟರ್‌ವ್ಯೂನಲ್ಲಿ ನಿಮ್ಮ ಮೂರು ವರ್ಷದ ಅನುಭವ ಅಲ್ಲೇ ಕಾಣೆಯಾಗುತ್ತದೆ.

ಮುಗಿದುಹೋದ ಕಾಲಕ್ಕೂ ಫಾರ್ ಬರುತ್ತದೆ. ಹುಬ್ಬಳ್ಳಿಯಲ್ಲಿ ಎರಡು ವರ್ಷ ಇದ್ದೆ, ‘ಐ ಲಿವ್ಡ್ ಇನ್ ಹುಬ್ಬಳ್ಳಿ ಫಾರ್ ಟೂ ಇಯರ್ಸ್’. ಇಲ್ಲಿ ಕನ್ನಡದಲ್ಲಿ ‘ಇಂದ’ ಇಲ್ಲ, ಗಮನಿಸಿದಿರಾ? ಈಗ ಅಲ್ಲಿಲ್ಲ, ಅದಕ್ಕೇ ಇಲ್ಲ. ‘ಡ್ಯೂರಿಂಗ್ ಟೂ ಇಯರ್ಸ್’ ಅಂತ ಮಾತ್ರ ಬರೆಯಬೇಡಿ. ಎಷ್ಟು ಕಾಲ ಅನ್ನುವ ಲೆಕ್ಕಕ್ಕೆ ಫಾರ್ ಹಾಕಬೇಕು. ಯಾವುದರ ನಡುವೆ ಅನ್ನುವುದಕ್ಕೆ ಡ್ಯೂರಿಂಗ್ ಇದೆ. ‘ಡ್ಯೂರಿಂಗ್ ದ ಮೀಟಿಂಗ್’, ‘ಡ್ಯೂರಿಂಗ್ ದ ಹಾಲಿಡೇಸ್’.

‘ಫ್ರಮ್’ ಕೂಡ ‘ಇಂದ’ವೇ ತಾನೆ ಅಂತ ಕೇಳುವವರಿದ್ದಾರೆ. ಹೌದು. ಆದರೆ ಕಾಲ ಹೇಳುವಾಗ ಅದಕ್ಕೆ ಸಾಮಾನ್ಯವಾಗಿ ಇನ್ನೊಂದು ತುದಿ ಬೇಕು. ‘ಫ್ರಮ್ 2019 ಟು 2022’. ಈಗಿನ ತನಕ ಎಳೆದು ತರುವ ಕೆಲಸ ಸಿನ್ಸ್‌ದು. ಹತ್ತರಿಂದ ಐದರವರೆಗೆ ಅಂದರೆ ‘ಫ್ರಮ್ ಟೆನ್ ಟು ಫೈವ್’. ಹತ್ತು ಮತ್ತು ಐದರ ನಡುವೆ ಅಂದರೆ ‘ಬಿಟ್ವೀನ್ ಟೆನ್ ಆ್ಯಂಡ್ ಫೈವ್’. ನಾವು ಕನ್ನಡದಲ್ಲಿ ‘ಹತ್ತರಿಂದ ಐದರ ನಡುವೆ’ ಅಂತ ಎರಡನ್ನೂ ಕಲಸಿಬಿಡುತ್ತೇವೆ. ‘ಬಿಟ್ವೀನ್ ಟೆನ್ ಟು ಫೈವ್’ ಹುಟ್ಟುವುದು ಅಲ್ಲಿಂದಲೇ.

ಹಿಂದೆ ಅನ್ನುವ ಪದ

ಎರಡು ದಿನದ ಹಿಂದೆ ಬಂದೆ ಅನ್ನಲು ‘ಬಿಫೋರ್ ಟೂ ಡೇಸ್ ಐ ಕೇಮ್’ ಅನ್ನುವವರು ತುಂಬ ಮಂದಿ. ಇಲ್ಲಿ ನನಗೆ ಸ್ವಲ್ಪ ಬೇಜಾರಾಗುತ್ತದೆ. ಇಂಗ್ಲಿಷ್‌ನಲ್ಲಿ ನಮ್ಮ ಹಾಗೆ ನಡೆದುಕೊಳ್ಳುವ ಪದಗಳೇ ಕಡಿಮೆ, ಇರುವ ಒಂದನ್ನು ನಾವೇ ಬಿಟ್ಟುಬಿಡುತ್ತೇವೆ. ಆ ಪದ ‘ಅಗೋ’. ಇಂಗ್ಲಿಷ್‌ನ ಇನ್, ಆನ್, ಆ್ಯಟ್, ಫಾರ್ ಎಲ್ಲವೂ ಮುಂದೆ ನಿಂತರೆ ‘ಅಗೋ’ ಮಾತ್ರ ಕನ್ನಡದ ‘ಹಿಂದೆ’ ಥರ ಕೊನೆಯಲ್ಲಿ ನಿಲ್ಲುತ್ತದೆ. ಎರಡು ದಿನದ ಹಿಂದೆ, ‘ಟೂ ಡೇಸ್ ಅಗೋ’. ಪದಕ್ಕೆ ಪದ ಇಟ್ಟರೆ ಆಯಿತು. ಈಗಿನಿಂದ ಹಿಂದಕ್ಕೆ ಎಣಿಸುವಾಗ ಅಗೋ. ಮದುವೆಗೆ ಎರಡು ದಿನ ಮುಂಚೆ ಅಂತ ಬೇರೆ ಯಾವುದೋ ಘಟನೆಯಿಂದ ಎಣಿಸುವಾಗ ‘ಟೂ ಡೇಸ್ ಬಿಫೋರ್ ದ ವೆಡ್ಡಿಂಗ್’.

ಈಗಿನಿಂದ ಮುಂದಕ್ಕೆ ಎಣಿಸುವುದೂ ಹಾಗೇ ಸುಲಭ. ಐದು ನಿಮಿಷದಲ್ಲಿ ಬರ್ತೀನಿ, ‘ಐ ವಿಲ್ ಕಮ್ ಇನ್ ಫೈವ್ ಮಿನಿಟ್ಸ್’. ‘ಅಲ್ಲಿ’ಗೆ ‘ಇನ್’ ಇಲ್ಲೂ ಹೊಂದಿತು. ಆದರೆ ನಮ್ಮ ಬಾಯಲ್ಲಿ ‘ಐದು ನಿಮಿಷ ಬಿಟ್ಟು’ ಇರುತ್ತದೆ, ಅದರಿಂದ ‘ಆಫ್ಟರ್ ಫೈವ್ ಮಿನಿಟ್ಸ್’ ಬರುತ್ತದೆ. ಆಗಿಹೋದ ಕಥೆ ಹೇಳುವಾಗ ಅದು ಸರಿ. ಐದು ನಿಮಿಷದ ಮೇಲೆ ಅವನು ಎದ್ದು ಹೋದ ಅನ್ನುವಾಗ ‘ಆಫ್ಟರ್’ ಹಾಕಬಹುದು. ಈಗಿನಿಂದ ಎಣಿಸುವಾಗ ‘ಇನ್’ ಹಾಕಿ.

‘ಆನ್ ಟೈಮ್’, ‘ಇನ್ ಟೈಮ್’ ಎರಡೂ ಇವೆ, ಅರ್ಥ ಬೇರೆ. ಆರು ಗಂಟೆ ರೈಲು ಆರಕ್ಕೇ ಬಂದರೆ ಅದು ‘ಆನ್ ಟೈಮ್’. ನೀವು ಓಡಿ ಬಂದು, ರೈಲು ಹೊರಡುವ ಮೊದಲು ಪ್ಲಾಟ್‌ಫಾರಂ ಮುಟ್ಟಿದರೆ ಅದು ‘ಇನ್ ಟೈಮ್’. ನಾವು ಎರಡಕ್ಕೂ ‘ಟೈಮಿಗೆ ಸರಿಯಾಗಿ’ ಅಂದುಬಿಡುತ್ತೇವೆ. ಹಾಗಾಗಿ ಇಲ್ಲಿ ‘ಗೆ’ಯನ್ನು ನಂಬಬೇಡಿ.

ಒಳಗೆ ಮತ್ತು ತನಕ

ದುಡ್ಡು, ಕೆಲಸ, ಗಡುವು ಬಂದಾಗ ತಪ್ಪಿನ ಬೆಲೆ ಜಾಸ್ತಿ. ಪ್ರಿಂಟಿಂಗ್ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಮದುವೆ ಕಾರ್ಡಿನ ಆರ್ಡರ್ ತೆಗೆದುಕೊಂಡಿದ್ದ. ಗಿರಾಕಿಗೆ ಕನ್ನಡ ಬರುತ್ತಿರಲಿಲ್ಲ. ಇವನ ಮನಸ್ಸಿನಲ್ಲಿದ್ದದ್ದು ‘ಸೋಮವಾರದೊಳಗೆ ಕೊಡ್ತೀನಿ’, ಅಂದರೆ ಸೋಮವಾರ ಸಂಜೆಗೆ ಕಾರ್ಡ್ ರೆಡಿ. ಮೆಸೇಜಿನಲ್ಲಿ ಬರೆದದ್ದು ‘ಬಿಫೋರ್ ಮಂಡೇ’. ಗಿರಾಕಿ ಭಾನುವಾರ ಬೆಳಿಗ್ಗೆಯೇ ಬಂದು ನಿಂತರು. ಊರಿಗೆ ಹೋಗಿ ಹಂಚಬೇಕು, ಬಸ್ಸಿಗೆ ಬುಕ್ ಆಗಿದೆ ಅಂದರು. ಅವರದ್ದೇನೂ ತಪ್ಪಿರಲಿಲ್ಲ. ‘ಬಿಫೋರ್ ಮಂಡೇ’ ಅಂದರೆ ಸೋಮವಾರಕ್ಕೆ ಮುಂಚೆ, ಸೋಮವಾರ ಅದರಲ್ಲಿ ಸೇರುವುದಿಲ್ಲ.

ಅವನಿಗೆ ಬೇಕಿದ್ದ ಪದ ‘ಬೈ’. ‘ಬೈ ಮಂಡೇ’ ಅಂದರೆ ಹೆಚ್ಚೆಂದರೆ ಸೋಮವಾರ, ಅದಕ್ಕಿಂತ ತಡವಿಲ್ಲ. ‘ಬೈ ಮಂಡೇ ಈವ್ನಿಂಗ್’ ಅಂದಿದ್ದರೆ ಇನ್ನೂ ಸ್ಪಷ್ಟವಾಗುತ್ತಿತ್ತು.

ಕನ್ನಡದ ‘ಒಳಗೆ’ ಕೂಡ ‘ಇಂದ’ದ ಹಾಗೆ ಎರಡು ಕೆಲಸ ಮಾಡುತ್ತದೆ. ಸೋಮವಾರದೊಳಗೆ ಅನ್ನುತ್ತೇವೆ, ಎರಡು ದಿನದೊಳಗೆ ಅಂತಲೂ ಅನ್ನುತ್ತೇವೆ. ಹಿಂದೆ ಹೇಳಿದ ಗೆರೆ-ಚುಕ್ಕಿಯನ್ನೇ ತನ್ನಿ. ಸೋಮವಾರ ಚುಕ್ಕಿ, ಅದಕ್ಕೆ ‘ಬೈ’. ಎರಡು ದಿನ ಉದ್ದ, ಅದಕ್ಕೆ ‘ವಿದಿನ್’. ‘ವಿದಿನ್ ಮಂಡೇ’ ಅಂತ ಇಲ್ಲ, ‘ಬೈ ಟೂ ಡೇಸ್’ ಅಂತಲೂ ಇಲ್ಲ.

‘ತನಕ’ಕ್ಕೆ ‘ಅಂಟಿಲ್’ ಅಥವಾ ‘ಟಿಲ್’. ಐದರ ತನಕ ಕಾಯ್ತೀನಿ ಅಂದರೆ ಕಾಯುವ ಕೆಲಸ ಐದರವರೆಗೂ ನಡೆಯುತ್ತಲೇ ಇರುತ್ತದೆ. ಐದರೊಳಗೆ ದುಡ್ಡು ಕಟ್ತೀನಿ ಅಂದರೆ ಕಟ್ಟುವುದು ಒಂದೇ ಸಲ, ಐದಕ್ಕೆ ಮುಂಚೆ ಯಾವಾಗಲೋ. ಮೊದಲನೆಯದು ‘ಅಂಟಿಲ್ ಫೈವ್’, ಎರಡನೆಯದು ‘ಬೈ ಫೈವ್’. ಹಿಂದಿಯ ‘ತಕ್’ ಈ ಎರಡಕ್ಕೂ ಬರುತ್ತದೆ, ಅದಕ್ಕೇ ಹಿಂದಿ ಮಾತಾಡುವವರಿಗೆ ಇದು ಕಷ್ಟ. ಕನ್ನಡದಲ್ಲಿ ‘ಒಳಗೆ’ ಬೇರೆ, ‘ತನಕ’ ಬೇರೆ. ನಮ್ಮ ಕಿವಿಗೆ ಈ ವ್ಯತ್ಯಾಸ ಹುಟ್ಟಿನಿಂದಲೇ ಗೊತ್ತು, ಅದನ್ನು ಬಳಸಿಕೊಂಡರೆ ಸಾಕು.

ಆದರೂ ‘ತನಕ’ದಲ್ಲಿ ಒಂದು ಮುಳ್ಳು ಇದೆ. ಎರಡು ಭಾಷೆಯಲ್ಲೂ ಇದೆ. ಒಮ್ಮೆ ಊರಿಗೆ ಹೋಗುವಾಗ ಕ್ಲಾಸಿನ ಗ್ರೂಪಿಗೆ ‘ನೋ ಕ್ಲಾಸ್ ಟಿಲ್ ಮಂಡೇ’ ಅಂತ ಕಳಿಸಿದ್ದೆ. ನನ್ನ ಲೆಕ್ಕದಲ್ಲಿ ಸೋಮವಾರವೂ ರಜೆ. ಸೋಮವಾರ ಸಂಜೆ ಆರಕ್ಕೆ ಏಳು ಜನ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಂತರು. ಅವರಲ್ಲಿ ಒಬ್ಬರು ಎರಡು ಬಸ್ ಬದಲಾಯಿಸಿ ಬಂದಿದ್ದರು. ಫೋನ್ ಮಾಡಿ ಕ್ಷಮೆ ಕೇಳಿದೆ. ‘ಸೋಮವಾರದ ತನಕ ಅಂದ್ರೆ ಸೋಮವಾರ ಇದೆ ಅನ್ಕೊಂಡ್ವಿ ಸರ್’ ಅಂದರು. ಅವರು ಓದಿದ್ದೂ ಸರಿಯೇ ಇತ್ತು. ಕನ್ನಡದಲ್ಲೇ ಕಳಿಸಿದ್ದರೂ ಇದೇ ಆಗುತ್ತಿತ್ತು. ಆವತ್ತಿನಿಂದ ರಜೆಯ ಮೆಸೇಜಿನಲ್ಲಿ ನಾನು ‘ಟಿಲ್’ ಬಳಸುವುದಿಲ್ಲ. ಕ್ಲಾಸ್ ಮತ್ತೆ ಶುರುವಾಗುವ ದಿನವನ್ನೇ ಬರೆಯುತ್ತೇನೆ: ‘ದ ನೆಕ್ಸ್ಟ್ ಕ್ಲಾಸ್ ಈಸ್ ಆನ್ ಟ್ಯೂಸ್‌ಡೇ ಆ್ಯಟ್ ಸಿಕ್ಸ್.’